ಅವನ ಉಸಿರಿನ ಸುದ್ದಿ

ಮಂಗಳವಾರ, ಮಧ್ಯಾಹ್ನ
ಮಕ್ಕಳ ಐಸಿಯು ಹೊರಗಿನ ಬೆಂಚಿನಿಂದ

ನನ್ನ ಮುದ್ದು ಪುಟ್ಟೀ,

ನಿನ್ನ ಜ್ವರ ಇಳಿಯುವವರೆಗೆ ನಿನ್ನನ್ನು ಮಗುವಿನ ಹತ್ತಿರ ಬಿಡುವುದಿಲ್ಲವಂತೆ. ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ ಮಾತು ಬದಲಿಸಿಬಿಡುತ್ತೇನೆ. ಅದಕ್ಕೇ ಬರೆದು, ಮೇಲಿನ ಮಹಡಿಯಲ್ಲಿರುವ ನಿನಗೆ ಆಯಾ ಕೈಯಲ್ಲಿ ಕಳಿಸುತ್ತಿದ್ದೇನೆ.

ನೀನು ಕೇಳಿದಾಗಲೆಲ್ಲ ನಾನು "ನಿದ್ದೆ ಮಾಡ್ತಿದಾನೆ" ಅನ್ನುತ್ತಿದ್ದೆ. ನಿದ್ದೆ ಮಾಡುವುದೇನೋ ನಿಜ. ಆದರೆ ನಿನ್ನ ಮಗರಾಯ ನಿದ್ದೆಯಲ್ಲಿ ಆಗಾಗ ಉಸಿರಾಡುವುದನ್ನೇ ಮರೆಯುತ್ತಾನೆ. ಇವತ್ತು ಬೆಳಿಗ್ಗೆ ನನ್ನ ಕಣ್ಣೆದುರೇ ಅವನ ಎದೆಯ ಏರಿಳಿತ ನಿಂತಿತು. ಯಂತ್ರ ಕೂಗಿಕೊಂಡಿತು. ಇಷ್ಟು ವರ್ಷ ಉಸಿರಾಟದ ಮೇಲೆಯೇ ಸಂಶೋಧನೆ ಮಾಡಿದ ನಾನು ಕಂಬದ ಹಾಗೆ ನಿಂತುಬಿಟ್ಟೆ. ನರ್ಸಮ್ಮ ಬಂದು ಅವನ ಅಂಗಾಲು ತಟ್ಟಿ, "ಏಯ್ ಕಳ್ಳ, ಉಸಿರು ತಗೊಳ್ಳೋ" ಅಂದರು. ತಗೊಂಡ! ಹೀಗೆ ಹೇಳಿಸಿಕೊಂಡು ಉಸಿರಾಡುವವನನ್ನು ನಾನೆಲ್ಲೂ ಕಂಡಿರಲಿಲ್ಲ.

ಹೆದರಬೇಡ, ಕೇಳು. ಮಿದುಳು ಕೆಳಗಿಳಿದು ಬೆನ್ನುಹುರಿಯನ್ನು ಸೇರುವ ಕಡೆ ಸಾಸಿವೆಯಷ್ಟು ಪುಟ್ಟದೊಂದು ನರಕೋಶಗಳ ಗುಂಪಿದೆ. ಒಂದು ಇನ್ನೊಂದನ್ನು ಎಬ್ಬಿಸಿ, ಅದು ಮತ್ತೊಂದನ್ನು ಎಬ್ಬಿಸಿ, ಕೊನೆಗೆ ಎಲ್ಲವೂ ಒಟ್ಟಿಗೆ ಮಿಡಿದಾಗ ಅಪ್ಪಣೆ ಹೊರಡುತ್ತದೆ: ಎಳೆದುಕೋ! ಆಮೇಲೆ ಮೌನ. ಮತ್ತೆ ಅಪ್ಪಣೆ. ಇಲಿಮರಿಯೊಂದರ ಆ ಭಾಗದ ತೆಳುವಾದ ಬಿಲ್ಲೆಯನ್ನು ನಮ್ಮ ಲ್ಯಾಬಿನಲ್ಲಿ ಗಾಜಿನ ತಟ್ಟೆಯಲ್ಲಿಟ್ಟು ನೋಡಿದ್ದೇನೆ. ಎದೆಯಿಲ್ಲ, ಶ್ವಾಸಕೋಶವಿಲ್ಲ, ಎಳೆದುಕೊಳ್ಳಲು ಗಾಳಿಯೂ ಬೇಕಿಲ್ಲ. ಆದರೂ ಆ ಚೂರು ತನ್ನ ಪಾಡಿಗೆ ತಾನು ಲಯ ಹಿಡಿದು ಮಿಡಿಯುತ್ತಿತ್ತು. ಆ ಮಿಡಿತವನ್ನು ಸದ್ದಾಗಿಸಿ ಮೊದಲ ಸಲ ಸ್ಪೀಕರಿನಲ್ಲಿ ಕೇಳಿದಾಗ ಉಸಿರು ನಿಂತದ್ದು ನನ್ನದು.

ಅಂಥದೇ ಗುಂಪು ನಿನ್ನ ಮಗನೊಳಗೂ ಇದೆ ಪುಟ್ಟಿ. ತಿಂಗಳು ತುಂಬುವ ಮೊದಲೇ ಅವಸರ ಮಾಡಿಕೊಂಡು ಬಂದನಲ್ಲ, ಅದಕ್ಕಿನ್ನೂ ಹದ ಬಂದಿಲ್ಲ, ಅಷ್ಟೇ. ಅದನ್ನು ಚುರುಕಾಗಿಸಲು ಕೊಡುತ್ತಿರುವ ಔಷಧಿ ಏನು ಗೊತ್ತೇ? ಕೆಫೀನ್! ಹಾಲು ಚೀಪಲು ಕಲಿಯುವ ಮೊದಲೇ ಕಾಫಿಗೆ ಕೈಹಾಕಿದ್ದಾನೆ, ಥೇಟ್ ಈ ದೊಡ್ಡಮ್ಮನ ಹಾಗೆ.

"ಬಲಿಯುತ್ತೆ, ಸ್ವಲ್ಪ ಟೈಮ್ ಕೊಡಿ" ಅಂದಿದ್ದಾರೆ ಡಾಕ್ಟರು. ಅವರು ಹೇಳುವುದು ಸರಿಯೆಂದು ನಾನು ಓದಿದ್ದೆಲ್ಲ ಹೇಳುತ್ತದೆ. ಆದರೂ ಸಾಲಿಗೊಮ್ಮೆ ಎದ್ದು ಹೋಗಿ ಅವನ ಎದೆ ನೋಡಿ ಬರುತ್ತಿದ್ದೇನೆ.

ಬೇಗ ಜ್ವರ ಬಿಡಿಸಿಕೊಂಡು ಬಾ.

ನಿನ್ನ
ಅಕ್ಕ

ತಾ.ಕ.: ಕಾಗದ ಮಡಚುವ ಮೊದಲು ಇನ್ನೊಮ್ಮೆ ಅವನನ್ನು ನೋಡಲು ಹೋದೆ. ನೋಡುತ್ತಿದ್ದಂತೆ ಮತ್ತೆ ಮರೆತ. ನರ್ಸಮ್ಮ ಓಡಿಬಂದು ಕೈ ಚಾಚಿದರು. ಬೆರಳು ತಾಗುವ ಮೊದಲೇ ಎದೆ ಮೇಲೆದ್ದಿತು. ಅವರು ನನ್ನ ಕಡೆ ತಿರುಗಿ ಅಂದರು: "ನೋಡಿದ್ರಾ? ನಾನು ಮುಟ್ಟೇ ಇಲ್ಲ."