ಕಂಡದ್ದು, ಕೇಳಿದ್ದು, ಅಂದುಕೊಂಡದ್ದು

ಉಕಿಲ್ ಸಾಹೇಬರೇ,

ಮೊದಲು ಖರ್ಚಿನ ಲೆಕ್ಕ ಹೇಳಿಬಿಡುತ್ತೇನೆ. ಬಾಂಗ್ಲಾದ ನಿಮ್ಮೂರಿನಲ್ಲಿ ಸುಟ್ಟ ಮನೆ ಒಂದು. ದೋಹಾದ ನನ್ನ ಅಂಗಡಿಯಲ್ಲಿ ಮುರಿದ ನಿಮ್ಮ ಬಲಗೈ ಬೆರಳು ಎರಡು. ನನ್ನ ಮುಂದಿನ ಹಲ್ಲು ಒಂದು. ಕೊನೆಗೆ ನಡುಹಗಲಲ್ಲಿ, ನಾಮಪತ್ರ ಸಲ್ಲಿಸುವ ಕಚೇರಿಯ ಮೆಟ್ಟಿಲ ಮೇಲೆ, ನೀವು. ಇದರ ಜೊತೆ ಎರಡು ಕಿಲೋ ಲಡ್ಡು ಇದೆ. ಅದನ್ನು ಎಲ್ಲಿ ಬರೆಯಬೇಕೆಂದು ಬಹಳ ದಿನ ತಿಳಿಯಲಿಲ್ಲ.

ನಿಮಗೆ ಕನ್ನಡ ಓದಲು ಬಾರದು, ಗೊತ್ತು. ಬದುಕಿದ್ದಾಗ ನನ್ನ ಮಂಗಳೂರು ಹಿಂದಿಯೂ ನಿಮಗೆ ಅರ್ಧವೇ ತಿಳಿಯುತ್ತಿತ್ತು. ಈಗ ಆ ತೊಂದರೆ ಇರಲಾರದು, ಅಲ್ಲವೇ?

ನೀವು ಮೊದಲು ಬಂದ ದಿನ ನೆನಪಿದೆಯೇ? ಬರ್ವಾ ಅಲ್ ಬರಾಹಾ ಕಾರ್ಮಿಕರ ಕ್ಯಾಂಪಿನ ಹತ್ತಿರದ ನನ್ನ ಟೈಪಿಂಗ್ ಅಂಗಡಿಗೆ ಕ್ಲೀನರ್ ಯೂನಿಫಾರ್ಮಿನಲ್ಲಿ ಬಂದಿರಿ. ಸಂಬಳ ಸಿಗದ ನಿಮ್ಮ ರೂಮಿನ ಶಫೀಕನಿಗಾಗಿ ನಾನು ಟೈಪ್ ಮಾಡಿದ್ದ ದೂರನ್ನು ಓದಿ, "ಇದು ದೂರಲ್ಲ ಭಾಯ್, ಅಳು" ಅಂದಿರಿ. ನನಗೆ ಉರಿದುಹೋಯಿತು.

"ಕ್ಲೀನರ್‌ಗೆ ಎಂತ ಗೊತ್ತು?"

"ನಾನು ಉಕಿಲ್, ಅಂದರೆ ವಕೀಲ. ಹನ್ನೆರಡು ವರ್ಷ ಕರಿ ಕೋಟು ಹಾಕಿದ್ದೆ. ಊರಿನ ವೀಸಾ ಏಜೆಂಟನ ಮೇಲೆ ಕೇಸು ನಡೆಸಿದೆ. ಅವನು ನನ್ನ ಮನೆಗೆ ಬೆಂಕಿ ಇಟ್ಟ."

ಹಾಗೆಂದು ನನ್ನ ಪೆನ್ನನ್ನೇ ಕಿತ್ತುಕೊಂಡು, ಹಾಳೆಯ ಮೇಲೆ ಎರಡು ಗೆರೆ ಎಳೆದು ಮೂರು ಕಾಲಮ್ ಮಾಡಿದಿರಿ: ಕಂಡದ್ದು, ಕೇಳಿದ್ದು, ಅಂದುಕೊಂಡದ್ದು. "ಮೊದಲ ಎರಡನ್ನು ಬೆರೆಸಬೇಡಿ. ಮೂರನೆಯದು ಚಹಾ ಅಂಗಡಿಗೆ, ಕೋರ್ಟಿಗಲ್ಲ." ಶಫೀಕನಿಗೆ ಸಂಬಳ ಬಂತು. ಮುಂದಿನ ಶುಕ್ರವಾರ ನನ್ನ ಬಾಗಿಲಲ್ಲಿ ಸಾಲು ನಿಂತಿತ್ತು.

ಆ ಸಾಲಿನ ಸುದ್ದಿ ನಿಮ್ಮೂರಿನ ಆ ಏಜೆಂಟನ ಕಿವಿಗೂ ಬಿತ್ತು. ಕ್ಯಾಂಪಿನಲ್ಲಿ ಅವನ ಪರವಾಗಿ ಕಮಿಷನ್ ವಸೂಲಿ ಮಾಡುತ್ತಿದ್ದ ಬಾಬುಲ್ ಬಂದದ್ದು ಕಬ್ಬಿಣದ ಪೈಪು ಹಿಡಿದು. ನಿಮ್ಮ ಬಲಗೈಯನ್ನು ಕೌಂಟರಿಗೆ ಒತ್ತಿ ಹಿಡಿದು, "ಬರೆಯುವ ಕೈ ಇದೇನಾ, ಉಕಿಲ್?" ಎಂದು ಕೇಳಿ ಹೊಡೆದ. ಒಣಗಿದ ಕೊಂಬೆ ಮುರಿದಂಥ ಸದ್ದು. ನಾನು ಅಡ್ಡ ಬಂದೆ ಅನ್ನುವುದು ದೊಡ್ಡ ಮಾತು. ಓಡಲು ದಾರಿ ಇರಲಿಲ್ಲ, ಅಷ್ಟೇ. ಹಲ್ಲು ಪ್ರಿಂಟರ್ ಮೇಲೆ ಬಿತ್ತು. ಪೊಲೀಸರು ಬರುವಷ್ಟರಲ್ಲಿ ಅವನು ವಿಮಾನ ಹತ್ತಿದ್ದ. ನೀವೋ, ಬ್ಯಾಂಡೇಜು ಬಿಚ್ಚುವ ಮೊದಲೇ ಎಡಗೈಯಲ್ಲಿ ಗೆರೆ ಎಳೆಯಲು ಕಲಿತಿರಿ.

ಊರಿಗೆ ಹೊರಟ ದಿನ ನೀವು ಹೇಳಿದ್ದು ಇಷ್ಟೇ: "ನೀರು ಸೋರುವುದು ಇಲ್ಲಿ, ನಲ್ಲಿ ಇರುವುದು ಅಲ್ಲಿ." ಎರಡು ವರ್ಷದಲ್ಲಿ ವಕೀಲರಾಗಿದ್ದವರು ಮುಖಂಡರಾದಿರಿ. ಏಜೆಂಟ್ ಊರಿನ ಪಂಚಾಯ್ತಿ ಚೇರ್ಮನ್ ಚುನಾವಣೆಗೆ ನಿಂತರೆ ಅವನ ಎದುರು ನೀವೂ ನಿಂತಿರಿ. ಬೇಡ ಅನ್ನಬಹುದಿತ್ತು ನಾನು. ಅನ್ನಲಿಲ್ಲ, ಯಾಕೆಂದರೆ...

ನಾಮಪತ್ರದ ದಿನ ಆ ಮೆಟ್ಟಿಲ ಮೇಲಿಂದಲೇ ವಿಡಿಯೋ ಕಾಲ್ ಮಾಡಿದಿರಿ. "ನೋಡಿ ಭಾಯ್, ದೋಹಾದಿಂದ ಮರಳಿದ ನಿಮ್ಮ ಗಿರಾಕಿಗಳೇ ಎಷ್ಟು ಜನ!" ಗುಂಪಿನ ನಡುವಿನಿಂದ ಬಾಬುಲ್ ತೋಳು ಚಾಚಿ ಬಂದ. ಕಾಲ್ ಕಟ್ಟಾಯಿತು. ಅಂಗಡಿಯಲ್ಲಿದ್ದವರಿಗೆಲ್ಲ ನಗುತ್ತ ಹೇಳಿದೆ, "ಬಾಬುಲನೂ ಅಪ್ಪಿಕೊಳ್ಳಲು ಬಂದ ಮಾರಾಯ್ರೆ! ಉಕಿಲ್ ಗೆದ್ದ ಹಾಗೆಯೇ." ಅರ್ಧ ಗಂಟೆಗೆ, ಊರಿನ ಸುದ್ದಿ ಸಿಕ್ಕಿ, ಕ್ಯಾಂಪಿನಿಂದ ಶಫೀಕನ ಫೋನು: "ಭಾಯ್, ಉಕಿಲ್ ಸಾಬ್ ಖಲಾಸ್." ಈ ದೇಶದಲ್ಲಿ ಖಲಾಸ್ ಅಂದರೆ ಏನೆಲ್ಲ! ಊಟ ಖಲಾಸ್, ಡ್ಯೂಟಿ ಖಲಾಸ್, ಫಾರ್ಮು ಖಲಾಸ್. ನಾಮಪತ್ರದ ಕೆಲಸ ಮುಗಿಯಿತು ಎಂದುಕೊಂಡು ಎರಡು ಕಿಲೋ ಲಡ್ಡು ತರಿಸಿ ಹಂಚಿದೆ. ಶಫೀಕ್ ಎದೆ ಬಡಿದುಕೊಳ್ಳುತ್ತ ಅಂಗಡಿಗೆ ಬಂದಾಗ ಅವನ ಬಾಯಿಗೂ ಒಂದು ಹಿಡಿದೆ, ಸಾಹೇಬರೇ.

ಮಚ್ಚಿನ ಏಟು ಏಳು ಎಂದು ಅವನು ಹೇಳಿದ. ಒಂದು ಕುತ್ತಿಗೆಗೆ. ನಾಮಪತ್ರ ರಕ್ತಕ್ಕೆ ಅಂಟಿಕೊಂಡಿತ್ತಂತೆ.

ಅಲ್ಲಿದ್ದ ಅಷ್ಟು ಜನರಲ್ಲಿ ಒಬ್ಬರೂ ಏನೂ ಕಾಣಲಿಲ್ಲವಂತೆ. ಸಿಕ್ಕಿಬಿದ್ದ ಬಾಬುಲ್ ಕೊಟ್ಟ ಹೇಳಿಕೆ ಇದು: "ನಾನು ಅಪ್ಪಿಕೊಳ್ಳಲು ಹೋದೆ, ಕಡಿದವನು ಬೇರೆ ಯಾರೋ. ದೋಹಾದ ಟೈಪಿಂಗ್‌ನವನನ್ನೇ ಕೇಳಿ." ನನ್ನ ತಮಾಷೆ ಕ್ಯಾಂಪಿನಿಂದ ಊರಿಗೆ ಹೋಗಿ ಅವನ ಗುರಾಣಿಯಾಗಿತ್ತು. ಏಜೆಂಟನೂ ಫೋನ್ ಮಾಡಿದ. "ಭಾಯ್, ಅಪ್ಪುಗೆ ಅಂದದ್ದು ನೀವೇ. ಹಾಗೇ ಇರಲಿ. ಇನ್ನೆಷ್ಟು ಹಲ್ಲು ಉಳಿದಿವೆ?"

ನಾನು ಸಾಕ್ಷಿ ಹೇಳುತ್ತೇನೆ ಅಂದದ್ದಕ್ಕೆ, ಮುಐದರ್ ಬಡಾವಣೆಯ ನಮ್ಮ ಮನೆಯಲ್ಲಿ ಹೆಂಡತಿ ಅನ್ನ ಬಡಿಸುವುದನ್ನೇ ನಿಲ್ಲಿಸಿದಳು. "ನಿಮಗೆಂತ ಮಂಡೆ ಸಮ ಇಲ್ವಾ? ಅವರ ಊರು, ಅವರ ಜಗಳ. ಇಲ್ಲಿ ಮಕ್ಕಳ ಶಾಲೆ ಉಂಟು."

"ಅಪ್ಪುಗೆ ಅಂದದ್ದು ನಾನು."

"ಅಂದ್ರೆ ಅಂದ್ರಿ. ನೋಡಿದ್ದೆಂತ?"

ಅವಳು ಕೇಳಿದ್ದು ಬಯ್ಯಲಿಕ್ಕೆ. ನಾನು ಹೋಗಿ ಎರಡು ಗೆರೆ ಎಳೆದೆ. ಬಾಬುಲನ ಮುಖ: ಕಂಡದ್ದು. ಅಂಗಿಯ ಬಲ ತೋಳಿನೊಳಗಿಂದ ಇಣುಕಿ ಹೊಳೆದ ಕಬ್ಬಿಣ: ಕಂಡದ್ದು. ಅದು ವಾಚು ಎಂಬುದು: ಅಂದುಕೊಂಡದ್ದು. ಏಳು ಏಟು: ಕೇಳಿದ್ದು. ಅಪ್ಪುಗೆ: ಅಂದುಕೊಂಡದ್ದು. ಹೆಂಡತಿ ಹಿಂದಿನಿಂದ ಓದಿ, ಪೆನ್ನಿನ ಮುಚ್ಚಳ ತಂದಿಟ್ಟು, ಅನ್ನ ಬಡಿಸಿದಳು.

ನಿಮ್ಮೂರಿನ ಕೋರ್ಟಿನ ಎದುರು ವಿಡಿಯೋದಲ್ಲಿ ಕೂತೆ. ಬಾಬುಲನ ವಕೀಲ ನಕ್ಕ: "ಅಪ್ಪುಗೆ ಎಂದು ನೀವೇ ಹೇಳಿದ್ದಿರಲ್ಲ?"

"ಹೇಳಿದ್ದೆ ಸ್ವಾಮಿ. ಅದು ಮೂರನೆಯ ಕಾಲಮ್."

ಈಗ ನೀವು ಕೇಳದೆ ಹೋದ ಸುದ್ದಿ, ಯಾರಿಗೆ ಏನು ಸಿಕ್ಕಿತು ಎಂಬುದು. ಬಾಬುಲ್‌ಗೆ ಜೈಲು. ಏಜೆಂಟನಿಗೆ ಚೇರ್ಮನ್ ಕುರ್ಚಿ, ಹೌದು, ಗೆದ್ದ. ಶಫೀಕನಿಗೆ ನನ್ನ ಅಂಗಡಿಯಲ್ಲಿ ನೀವು ಕೂರುತ್ತಿದ್ದ ಸ್ಟೂಲು. ಶುಕ್ರವಾರ ಗೆರೆ ಎಳೆಯುವವನು ಅವನೇ. ಅವನ ರೂಮಿನ ಹನ್ನೊಂದು ಜನಕ್ಕೆ ಕಂಪನಿ ತಡೆಹಿಡಿದಿದ್ದ ಸಂಬಳ. ನಿಮ್ಮ ಹೆಂಡತಿಗೆ ರಕ್ತ ಒಣಗಿದ ಆ ನಾಮಪತ್ರ, ಕೋರ್ಟಿನ ಮೊಹರಿನೊಡನೆ. ನನಗೆ ಒಂದು ಕಟ್ಟಿಸಿದ ಹಲ್ಲು. ಲಡ್ಡು, ಮೂರನೆಯ ಕಾಲಮ್.

ನಿಮಗೆ, ಮೊದಲನೆಯ ಕಾಲಮಿನಲ್ಲಿ ಎರಡು ಸಾಲು: ಒಂದು ಮುಖ, ಒಂದು ಕಬ್ಬಿಣ.