ಬಚ್ಚಲ ಕಲ್ಲು

ಅಪ್ಪಾ,

ಇವತ್ತು ಕಲಬುರಗಿಯಲ್ಲಿ ಮೃತ್ಯುಪತ್ರ ನೋಂದಾಯಿಸಿದೆ. ನನ್ನ ನಂತರ ಕಮಲಾಪುರದ ಈ ಮನೆ ಹಳೆಯ ಬಾವಿಗಳನ್ನು ಉಳಿಸುವ ಟ್ರಸ್ಟಿಗೆ. ಮೊದಲು ನಮ್ಮೂರ ಮೆಟ್ಟಿಲು ಬಾವಿಯನ್ನೇ ಸರಿಪಡಿಸುತ್ತಾರಂತೆ.

ರುಜು ಹಾಕುವಾಗ ಟ್ರಸ್ಟಿನ ಧೀರೇಂದ್ರ ಕೇಳಿದರು: "ಅಕ್ಕಾರ, ಬಾವ್ಯಾಗಿನ ಶಾಸನದ ಕಲ್ಲು ಯಾರು ಒಯ್ದಾರ, ಏನರ ಗೊತ್ತದೇನ್ರೀ?"

"ಗೊತ್ತಿಲ್ರೀ" ಅಂದೆ. ರುಜು ಮುಗಿಸಿದೆ.

ನೀನು ಆ ಕಲ್ಲನ್ನು ಎತ್ತಿನ ಚಕ್ಕಡಿಯಲ್ಲಿ ತಂದು, ಅಕ್ಷರ ಕೆಳಗೆ ಮಾಡಿ ಬಚ್ಚಲಲ್ಲಿ ಹಾಸಿದಾಗ ನನಗೆ ಒಂಬತ್ತು ವರ್ಷ. "ಬಟ್ಟಿ ಒಗ್ಯಾಕ ಚಲೋ ಆತು, ಯಾರ ಮುಂದೂ ಹೇಳಬ್ಯಾಡ" ಅಂದಿದ್ದೆ ನೀನು. ಅವ್ವ ಒಗೆದಳು, ನಾನೂ ಒಗೆದೆ.

ಅವರು ಬಚ್ಚಲು ಅಗೆಯುವಾಗ ನಾನಿರುವುದಿಲ್ಲ ಎಂಬ ಧೈರ್ಯದಿಂದಲೇ ರುಜು ಹಾಕಿದ್ದೆ. ಬಸ್ಸಿನಲ್ಲಿದ್ದಾಗಲೇ ಧೀರೇಂದ್ರರ ಫೋನ್ ಬಂತು: "ನಾಳೆ ಮನಿ ಅಳತಿ ತೊಗೊಳ್ಳಿಕ್ಕೆ ಬರ್ತೀವ್ರಿ."

ಅವರು ಬರುವ ಮುನ್ನ ಅದನ್ನು ಸರಿಸಬೇಕೆಂದು ಬಂದವಳೇ ಬಚ್ಚಲಿಗೆ ಹೋದೆ. ಈ ಕಲ್ಲು ನನ್ನೊಬ್ಬಳಿಂದ ಏಳುವುದಿಲ್ಲ, ಅಪ್ಪಾ.