ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು

ಜನವರಿ 6, ಸೋಮವಾರ. ಉದಗೀರ

ಪ್ರೊಜೆಕ್ಟ್ ಫೈಲು ತಿದ್ದುತ್ತಿದ್ದೇನೆ. ನನ್ನ ಎಮ್ಮೆಸ್ಸಿ ವಿದ್ಯಾರ್ಥಿನಿ ಪ್ರಣಿತಾ, ದೇವಣಿಯವಳು. ಇನ್ನೂರು ಗೆಲಾಕ್ಸಿಗಳ ಫೋಟೋ ನೋಡಿ, ಯಾವುದು ಎತ್ತ ತಿರುಗುತ್ತದೆ ಎಂದು ಬರೆದಿದ್ದಾಳೆ. ಬಲಕ್ಕೆ 127, ಎಡಕ್ಕೆ 73. ಶುದ್ಧ ಸುಳ್ಳು! ಹೆಚ್ಚುಕಡಿಮೆ ಅರ್ಧಕ್ಕರ್ಧ ಬರಬೇಕು.

ಜನವರಿ 7

ಕರೆಸಿ, ಗೆಲಾಕ್ಸಿ ತಿರುಗುವುದು ಯಾಕೆ ಎಂದು ಕೇಳಿದೆ. ಪಾಠ ಸರಿಯಾಗೇ ಒಪ್ಪಿಸಿದಳು.

“ಮೊದಲ ಎಲ್ಲಾ ಗ್ಯಾಸಿನ ಸೊಟ್ಟ ಮುದ್ದಿ ಇದ್ವುರೀ ಸರ್. ಬಾಜೂದ ಮುದ್ದಿ ಒಂದು ಮಗ್ಗಲ ಜಾಸ್ತಿ ಎಳೀತು, ಸಾವಕಾಶ ತಿರಗ್ಲತ್ತು. ಕುಗ್ಗಿದಂಗೆಲ್ಲ ಜೋರಾತು. ಇಂಥಾ ದಿಕ್ಕಿಗೇ ಅಂತ ಏನಿಲ್ರಿ.”

“ಮತ್ತ ನಿನ್ನ ಲೆಕ್ಕ ಯಾಕ ಬಲಕ್ಕ ವಾಲ್ಯದ?”

“ಕಂಡಿದ್ದು ಬರದೀನ್ರಿ.”

ತಲೆ ತಗ್ಗಿಸಿದಳು. ಕಳ್ಳರೆಲ್ಲ ಹಾಗೇ. ಅರ್ಧ ನೋಡಿರಬೇಕು, ಉಳಿದದ್ದು ಮನಸ್ಸಿಗೆ ಬಂದಂತೆ ಗೀಚಿದ್ದು. ವಿದ್ಯಾಪೀಠದ ಪ್ರೊಜೆಕ್ಟ್ ಸ್ಪರ್ಧೆಯಿಂದ ಇವಳ ಹೆಸರು ತೆಗೆಯಿರಿ ಎಂದು ಪ್ರಾಚಾರ್ಯರಿಗೆ ಮೇಲ್ ಹಾಕಿದೆ.

ಜನವರಿ 8

ಸಂಗಮ್ಮ ಚಹಾ ಕೊಡುತ್ತ, “ನಿಮಗ ಹೆಂಡ್ತಿ ಮಾಡಿದ ಚಹಾದ ಮ್ಯಾಲೂ ಸಂಶಯ” ಅಂದಳು. ಇರಲಿ. ಪುರಾವೆ ಬೇಕು. ಅವೇ ಇನ್ನೂರು ಫೋಟೋ ಕನ್ನಡಿಯಲ್ಲಿ ಕಂಡಂತೆ ತಿರುವಿ, ನಂಬರ್ ಬದಲಿಸಿ, ಹೊಸವು ಎಂದು ಕೊಟ್ಟೆ. ನಿಜವಾಗಿ ನೋಡುವವಳಾದರೆ ಈಗ ಎಡಕ್ಕೆ 127 ಬರಬೇಕು. ಇಲ್ಲದಿದ್ದರೆ ಸಿಕ್ಕಿಬೀಳುತ್ತಾಳೆ.

ಜನವರಿ 16

ಬಲಕ್ಕೆ 126! ಹಿಡಿದೆ ಅಂದುಕೊಂಡೆ. ಎರಡೂ ಪಟ್ಟಿ ಜೋಡಿಸಿ ನೋಡಿದರೆ... ಸ್ಪಷ್ಟ ಇದ್ದವೆಲ್ಲ ಸರಿಯಾಗಿ ತಿರುವುಮುರುವು. ಒಂದೂ ತಪ್ಪಿಲ್ಲ. ಮಸುಕಾದ ಅರವತ್ತು ಮಾತ್ರ ಎರಡೂ ಸಲ ಬಹುತೇಕ ಬಲಕ್ಕೆ. ಪ್ರಣಿತಾಳನ್ನು ಕರೆದು ತೋರಿಸಿದೆ.

“ಮಸುಕ ಇದ್ದಾಗ ಕಣ್ಣು ಬಲಕ್ಕೇ ಹೋಗ್ತದ ಸರ್. ಅಪ್ಪಾರು ಮಠದಾಗ ಪೂಜಿ ಮಾಡ್ತಾರ, ಸಣ್ಣಾಕಿದ್ದಾಗಿಂದ ಆರತಿ ನಾನೇ ಬಲಕ್ಕ ತಿರುವಿ ಬೆಳಗತೀನಿ. ಅದಕ್ಕೇನೋ...”

ಒಳ್ಳೇ ನೆವ. ನಾನೂ ಪೂಜೆ ಮಾಡುವ ಅಯ್ಯನವರ ಮನೆಯವನೇ. ಆರತಿ ಮುಟ್ಟಿ ಇಪ್ಪತ್ತು ವರ್ಷ ಆಯಿತು. ನನ್ನ ಕಣ್ಣಿಗೆ ಆ ರೋಗ ಇಲ್ಲ. ತೋರಿಸುತ್ತೇನೆ.

ಜನವರಿ 17, ಬೆಳಿಗ್ಗೆ 9

ಮಸುಕಾದ ಅರವತ್ತನ್ನು ನಾನೇ ನೋಡಿದೆ. ಬಲಕ್ಕೆ 49. ತಿರುವಿ, ಕಲಸಿ, ಮತ್ತೆ ನೋಡಿದೆ. ಬಲಕ್ಕೆ 48.

ನಾಚಿಕೆಯಾಗುತ್ತಿದೆ. ಆ ಹುಡುಗಿ ಒಂದಕ್ಷರ ಸುಳ್ಳು ಬರೆದಿರಲಿಲ್ಲ.

10.40

ಪ್ರಾಚಾರ್ಯರಿಗೆ ಫೋನ್ ಮಾಡಿದೆ. ಸ್ಪರ್ಧೆಯ ಪಟ್ಟಿ ಅವಳ ಹೆಸರಿಲ್ಲದೆ ನಿನ್ನೆಯೇ ಹೋಯಿತಂತೆ. “ನೀವೇ ತೆಗೆ ಅಂದಿದ್ರಲ್ರಿ?”

ದೇವಣಿ ಬಸ್ಸು ಬಂದಿರಬೇಕು. ಮೆಟ್ಟಿಲ ಮೇಲೆ ಪ್ರಣಿತಾಳ ದನಿ. ಅವಳು ಕೇಳುವ ಮೊದಲು ನಾನೇ ಹೇಳಬೇಕು. ಏನೆಂದರೆ, ನಾನು—